ಸೌಟು ನಮ್ಮ ಕೈಯಲ್ಲಿರಲಿ

ಹೋರಾಟದ ಪತ್ರಿಕೆಯಲ್ಲಿ ಅಡುಗೆಯ ಮಾತು ಯಾಕೆ ಎಂದು ಕೆಲವರು ಕೇಳಬಹುದು. ಭೂಮಿ, ಕೂಲಿ, ಮೀಸಲಾತಿ, ದೌರ್ಜನ್ಯ ಇಷ್ಟೆಲ್ಲ ಇರುವಾಗ ಬದನೆಕಾಯಿ ಪಲ್ಯಕ್ಕೇನು ಕೆಲಸ ಎಂದು ನಗಲೂಬಹುದು. ನಾವೂ ಮೊದಲು ನಕ್ಕವರೇ. ಆ ನಗು ಹೇಗೆ ನಿಂತಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇವೆ.

ನಾವು ದಾಂಡೇಲಿ ಪಕ್ಕದ ಅಂಬೇವಾಡಿಯ ಏಳು ಮನೆಯ ಗಂಡಸರು. ಕೆಲವರು ಗುತ್ತಿಗೆ ಕೂಲಿಯವರು, ಒಬ್ಬರು ರಿಕ್ಷಾ ಓಡಿಸುವವರು, ಇಬ್ಬರು ಕೆಲಸದಿಂದ ನಿವೃತ್ತರಾದವರು. ಸಭೆಗೆ ಹೋಗುತ್ತೇವೆ, ಘೋಷಣೆ ಕೂಗುತ್ತೇವೆ, ಸಮಾನತೆಯ ಬಗ್ಗೆ ತಾಸುಗಟ್ಟಲೆ ಮಾತಾಡುತ್ತೇವೆ. ಮನೆಗೆ ಬಂದು ಕಾಲು ಚಾಚಿ ಕೂತು "ಊಟಕ್ಕೇನೈತಿ?" ಎಂದು ಕೇಳುತ್ತೇವೆ. ಇಷ್ಟು ನಮ್ಮ ಪರಿಚಯ.

ಮಾರ್ಚ್ ತಿಂಗಳಲ್ಲಿ ಏಪ್ರಿಲ್ 14ರ ಜಯಂತಿಗೆಂದು ಕೇರಿಯ ಸಭೆ ಕರೆದಿದ್ದೆವು. ಮಂಟಪ ಆಯಿತು, ಮೈಕು ಆಯಿತು, ಭಾಷಣಕಾರರ ಹೆಸರೂ ಆಯಿತು. ಕೊನೆಗೆ ಊಟದ ಮಾತು ಬಂತು. ಎಂದಿನ ಹಾಗೆ ಪೇಟೆಯಿಂದ ಮೇಲುಜಾತಿಯ ಅಡುಗೆಯವರನ್ನು ಕರೆಸೋಣ ಎಂದೆವು. "ಎಲ್ಲಾರೂ ಉಣ್ಣಬೇಕಲ್ಲ, ಹೊರಗಿನವರೂ ಬರ್ತಾರ" ಎಂದು ಕಾರಣ ಕೊಟ್ಟೆವು. ಪ್ರತಿ ವರ್ಷ ಈ ಕಾರಣಕ್ಕೆ ಎಲ್ಲರೂ ತಲೆಯಾಡಿಸುತ್ತಿದ್ದರು. ಈ ಸಲ ಹಿಂದೆ ಬಾಗಿಲ ಹತ್ತಿರ ಕೂತಿದ್ದ ನಮ್ಮ ಚಿಗವ್ವ ಎದ್ದು ನಿಂತಳು. ಆಕೆ ಸರಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವಳು.

"ಅಲ್ರಪಾ, ವರ್ಷಾನಗಟ್ಲೆ ಸಾಲ್ಯಾಗ ನೂರಾ ಇಪ್ಪತ್ತು ಹುಡುಗರಿಗೆ ಅನ್ನಾ ಸಾರು ಮಾಡಿ ಹಾಕೇನಿ. ಎಲ್ಲಾ ಜಾತಿ ಹುಡುಗರೂ ಉಂಡಾರ. ಬಾಬಾಸಾಹೇಬರ ಹಬ್ಬಕ್ಕ ಮಾತ್ರ ನನ್ನ ಕೈ ನಡೆಯಂಗಿಲ್ಲೇನು?"

ಸಭೆ ಸುಮ್ಮನಾಯಿತು. ಯಾರ ಬಾಯಲ್ಲೂ ಉತ್ತರವಿರಲಿಲ್ಲ. ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು. ನಮ್ಮ ಹೆಣ್ಣುಮಕ್ಕಳ ಕೈಯಡುಗೆ ಬಂದವರಿಗೆ ಆಗಲಿಕ್ಕಿಲ್ಲ ಎಂದು ನಾವೇ ಮೊದಲು ತೀರ್ಮಾನ ಮಾಡಿಬಿಟ್ಟಿದ್ದೆವು. ಯಾರೂ ನಮ್ಮನ್ನು ದೂರ ಇಡುವ ಮೊದಲೇ ನಾವೇ ದೂರ ಸರಿದು ನಿಂತಿದ್ದೆವು. ಅದೂ ಬಾಬಾಸಾಹೇಬರ ಫೋಟೋದ ಕೆಳಗೆ ಕೂತು.

ಚಿಗವ್ವ ಆ ಕೆಲಸಕ್ಕೆ ಸುಲಭವಾಗಿ ಬಂದವಳಲ್ಲ. ಮೊದಮೊದಲು ಕೆಲವು ಮನೆಯವರು ಮಕ್ಕಳಿಗೆ ಬುತ್ತಿ ಕಟ್ಟಿ ಕಳಿಸಿದರು. ಕೆಲವು ಮಕ್ಕಳು "ಹೊಟ್ಟಿ ಹಸಿದಿಲ್ಲ" ಎಂದು ಗೋಡೆಗೆ ಆತು ನಿಂತವು. ಆಕೆ ಜಗಳಕ್ಕೆ ಹೋಗಲಿಲ್ಲ, ಕೆಲಸ ಬಿಟ್ಟೂ ಬರಲಿಲ್ಲ. ಹಸಿವೆಗೆ ಜಾತಿ ಎಷ್ಟು ದಿನ ನೆನಪಿದ್ದೀತು? ಒಂದೊಂದೇ ತಟ್ಟೆ ಸಾಲಿಗೆ ಬಂತು.

ಆಕೆಯ ಕೈಗೆ ಆ ಸೌಟು ಬಂದದ್ದು ಯಾರ ಔದಾರ್ಯದಿಂದಲೂ ಅಲ್ಲ. ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೆ ಬಂತು. ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ಅದೇ ಕೋರ್ಟು 2004ರ ಏಪ್ರಿಲ್ 20ರಂದು ಹೇಳಿತು. ಆದರೂ ಏನಾಯಿತು? ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ದಲಿತ ಹೆಣ್ಣುಮಗಳು ಅಡುಗೆ ಮಾಡುತ್ತಾಳೆಂದು ಪೋಷಕರು ಮಕ್ಕಳನ್ನು ಶಾಲೆಯಿಂದ ಬಿಡಿಸಿದ ಸುದ್ದಿ 2015ರಲ್ಲಿ ಪತ್ರಿಕೆಗಳಲ್ಲಿ ಬಂತು. ಉತ್ತರಾಖಂಡದ ಸುಖೀಢಾಂಗ್‌ನಲ್ಲಿ 2021ರ ಡಿಸೆಂಬರಿನಲ್ಲಿ ಮಕ್ಕಳು ಊಟ ಬಿಟ್ಟರು, ದಲಿತ ಅಡುಗೆಯವಳನ್ನು ಕೆಲಸದಿಂದ ತೆಗೆದರು. ದೇಶವೆಲ್ಲ ಗದ್ದಲವೆದ್ದ ಮೇಲೆ ಮತ್ತೆ ಸೇರಿಸಿಕೊಂಡರು.

ಇಲ್ಲಿ ಒಂದು ವಿಷಯ ಗಮನಿಸಿರಿ. ಆ ಶಾಲೆಗಳಲ್ಲಿ ಬೇಯುತ್ತಿದ್ದದ್ದು ಅನ್ನ, ಬೇಳೆ, ಕಾಯಿಪಲ್ಯೆ. ಎಲ್ಲವೂ ಅವರೇ ಹೇಳುವ ಶುದ್ಧ ಸಸ್ಯಾಹಾರ! ಹಾಗಿದ್ದ ಮೇಲೆ ಮೈಲಿಗೆ ಎಲ್ಲಿಂದ ಬಂತು? ಪಾತ್ರೆಯ ಒಳಗಿನಿಂದ ಬರಲಿಲ್ಲ, ಸೌಟು ಹಿಡಿದ ಕೈಯಿಂದ ಬಂತು. "ನೀವು ಮಾಂಸ ತಿಂತೀರಿ, ಅದಕ್ಕ ದೂರ" ಎಂಬ ಮಾತು ಎಷ್ಟು ಪೊಳ್ಳು ಎಂದು ತಿಳಿಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಬೇಕಾದರೆ ಇನ್ನೊಂದು ಇದೆ. ಬಾಬಾಸಾಹೇಬರು 1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲಕ್ಕಾಗಿ ಬರೆದ ಭಾಷಣವನ್ನು ಮಂಡಲದವರು ಓದಗೊಡಲಿಲ್ಲ. ಅವರೇ ಅದನ್ನು ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಅದರಲ್ಲಿ ಜಯಪುರ ಸಂಸ್ಥಾನದ ಚಕವಾರಾ ಎಂಬ ಹಳ್ಳಿಯ ಸಂಗತಿ ಬರುತ್ತದೆ. ಅಸ್ಪೃಶ್ಯನೊಬ್ಬ ತೀರ್ಥಯಾತ್ರೆ ಮುಗಿಸಿ ಬಂದು ತನ್ನವರಿಗೆಲ್ಲ ಊಟ ಹಾಕಿಸಿದ. ಊಟದಲ್ಲಿ ತುಪ್ಪ ಬಡಿಸಿದ. ಜನ ಉಣ್ಣುತ್ತಿರುವಾಗಲೇ ನೂರಾರು ಸವರ್ಣೀಯರು ಲಾಠಿ ಹಿಡಿದು ನುಗ್ಗಿದರು. ಅನ್ನ ಚೆಲ್ಲಿದರು, ಉಣ್ಣುವವರನ್ನು ಹೊಡೆದರು. ತಪ್ಪು ಏನು? ತುಪ್ಪ! ಬಡಿಸಿದವನಿಗೆ ಸೊಕ್ಕು, ಉಂಡವರಿಗೆ ಬುದ್ಧಿಯಿಲ್ಲ ಎಂಬುದು ಹೊಡೆದವರ ವಾದ.

ಮಾಂಸ ತಿಂದರೆ ಹೀನರು, ತುಪ್ಪ ತಿಂದರೆ ಸೊಕ್ಕಿನವರು. ಹಾಗಾದರೆ ನಾವು ಏನು ತಿನ್ನಬೇಕಿತ್ತು? ಅವರ ಲೆಕ್ಕದಲ್ಲಿ ಎಂಜಲು. ಊಟದ ವಿಷಯದಲ್ಲಿ ಈ ದೇಶದ ಜಾತಿ ನಮಗೆ ಹೇಳಿದ್ದು ಇಷ್ಟೇ: ನಿಮ್ಮ ಇಷ್ಟದ್ದು ನಿಮ್ಮ ಕೈಯಿಂದ ಮಾಡಿ, ನಿಮ್ಮವರ ಜೊತೆ ಕೂತು, ಹೊಟ್ಟೆ ತುಂಬ ಉಣ್ಣಬೇಡಿರಿ.

ಸಸ್ಯಾಹಾರ ತಮ್ಮ ಮನೆಯ ಆಸ್ತಿ ಎಂದು ಹೇಳಿಕೊಳ್ಳುವವರ ಒಲೆಯ ಮೇಲೇನಿದೆ ನೋಡೋಣ. ಮೆಣಸಿನಕಾಯಿ, ಬಟಾಟಿ, ಟೊಮ್ಯಾಟೊ, ಶೇಂಗಾ ಎಲ್ಲವೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಮೆಣಸಿನಕಾಯಿಯನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದರು, ನಮ್ಮ ಪಕ್ಕದ ಗೋವೆ ಅದರ ಒಂದು ಬಾಗಿಲು. ಇವತ್ತು ಬ್ಯಾಡಗಿ ಮೆಣಸಿನಕಾಯಿ ಇಲ್ಲದೆ ಯಾವ ಮಠದ ಸಾರು ಕೆಂಪಾಗುತ್ತದೆ? ಗೋಮಾಂಸ ತಿನ್ನುವ ಫಿರಂಗಿಯವರು ತಂದ ಕಾಯಿ ಮಡಿಯ ಅಡುಗೆಮನೆಗೆ ಸಲ್ಲುತ್ತದೆ, ಅದನ್ನು ಬೆಳೆದು ಬಿಡಿಸಿ ಚೀಲ ತುಂಬಿದ ನಮ್ಮ ಕೈ ಸಲ್ಲುವುದಿಲ್ಲ. ಇದು ಯಾವ ನ್ಯಾಯ?

ಇನ್ನು ನಮ್ಮ ಮನೆಗಳ ಮಾತು. ಮಾಂಸ ನಮ್ಮ ಊಟ, ಅದನ್ನು ಬಿಡಿರಿ ಎಂದು ನಾವು ಹೇಳುತ್ತಿಲ್ಲ. ಸರಕಾರದ ಮಾದರಿ ನೋಂದಣಿ ಸಮೀಕ್ಷೆಯೇ 2014ರಲ್ಲಿ ದೇಶದ ಹತ್ತರಲ್ಲಿ ಏಳು ಮಂದಿ ಮಾಂಸಾಹಾರಿಗಳು ಎಂದು ಲೆಕ್ಕ ಕೊಟ್ಟಿದೆ. ಆದರೆ ನಮ್ಮ ಅವ್ವಂದಿರು ವಾರದ ಏಳೂ ದಿನ ಮಾಂಸ ಬೇಯಿಸಿದ್ದರೇ? ಬೇಯಿಸಲು ದುಡ್ಡೆಲ್ಲಿತ್ತು? ಹಬ್ಬಕ್ಕೆ, ಸಂತೆಯ ದಿನಕ್ಕೆ ಒಂದಿಷ್ಟು. ಉಳಿದ ದಿನ ಬದುವಿನ ಮೇಲಿನ ಹಕ್ಕರಕಿ, ಪುಂಡಿ ಪಲ್ಯ, ರಾಜಗಿರಿ, ನುಗ್ಗಿ ಸೊಪ್ಪು, ಹುರುಳಿ ಕಟ್ಟು. ಮಳೆಗಾಲದಲ್ಲಿ ಈ ಕಾಡಿನ ಕಳಲೆ. ಅದನ್ನು ಹೆಚ್ಚಿ ಮೂರು ದಿನ ನೀರು ಬದಲಿಸುತ್ತ ನೆನೆಹಾಕದಿದ್ದರೆ ವಿಷ ಎಂದು ಯಾವ ಪುಸ್ತಕವೂ ಅವರಿಗೆ ಹೇಳಿಕೊಡಲಿಲ್ಲ. ಜೋಯಿಡಾದ ಕುಣಬಿಗಳು ಸುವರ್ಣಗಡ್ಡೆ, ಕೆಸುವಿನ ಗಡ್ಡೆ ಮುಂತಾದ ಎಷ್ಟೋ ಗೆಡ್ಡೆಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಇದೆಲ್ಲ ಸಸ್ಯಾಹಾರ ಅಲ್ಲವೇ? ಆದರೆ ಇದನ್ನು ಯಾವ 'ಶುದ್ಧ ಸಸ್ಯಾಹಾರಿ' ಹೋಟೆಲಿನ ಬೋರ್ಡಿನ ಮೇಲೂ ಬರೆಯುವುದಿಲ್ಲ. ಮರಾಠಿಯಲ್ಲಿ ಶಾಹು ಪಾಟೋಳೆ ಎಂಬವರು ಮರಾಠವಾಡಾದ ಮಹಾರ, ಮಾಂಗ ಮನೆಗಳ ಅಡುಗೆಯನ್ನು 2015ರಲ್ಲಿ ಪುಸ್ತಕ ಮಾಡಿದರು. ನಮ್ಮ ಅವ್ವಂದಿರ ಅಡುಗೆ ಬರೆದಿಡುವವರು ಯಾರು?

ಇಷ್ಟೆಲ್ಲ ಮಾತು ಸಭೆಯಲ್ಲಿ ಆದ ಮೇಲೆ ನಾವು ಎದೆಯುಬ್ಬಿಸಿ, "ಸರಿ ಚಿಗವ್ವಾ, ಈ ಸಲ ನೀನೇ ಮಾಡು" ಎಂದೆವು. ದೊಡ್ಡ ಕ್ರಾಂತಿ ಮಾಡಿದೆವು ಎಂದುಕೊಂಡೆವು. ಆಕೆ ನಕ್ಕಳು.

"ನಾ ಯಾಕ ಮಾಡಲಿ? ವರ್ಷ ಪೂರ್ತಿ ಮಾಡೇನಿ. ಜಯಂತಿ ದಿನ ನಾನೂ ಹೊಸಾ ಸೀರಿ ಉಟ್ಟು ಮುಂದ ಕುಂತು ಭಾಷಣ ಕೇಳಬೇಕು. ನೀವು ಮಾಡ್ರಿ. ನಾ ಕಲಿಸ್ತೀನಿ."

ಬಂಧುಗಳೆ, ಮೊದಲನೆಯ ಪ್ರಶ್ನೆ ನಮ್ಮ ಜಾತಿಯ ಕೀಳರಿಮೆಯನ್ನು ಹಿಡಿದಿತ್ತು. ಈ ಎರಡನೆಯ ಮಾತು ನಮ್ಮ ಗಂಡಸುತನದ ಜುಟ್ಟನ್ನೇ ಹಿಡಿಯಿತು. 2019ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಹತ್ತಿರ ಹತ್ತಿರ ಐದು ತಾಸು! ಬಿಟ್ಟಿ ಚಾಕರಿ ವಿರುದ್ಧ ಘೋಷಣೆ ಕೂಗುವ ನಾವು ಮನೆಯೊಳಗೆ ಯಾರಿಂದ ಬಿಟ್ಟಿ ಚಾಕರಿ ಮಾಡಿಸಿಕೊಳ್ಳುತ್ತಿದ್ದೇವೆ?

ಹೀಗೆ ನಮ್ಮ ಕಲಿಕೆ ಶುರುವಾಯಿತು. ಚಿಗವ್ವ ಒಂದು ಶರತ್ತು ಹಾಕಿದಳು: ಮೊದಲು ಇನ್ನೂರು ಮಂದಿಗಲ್ಲ, ನಿಮ್ಮ ನಿಮ್ಮ ಮನೆಯವರಿಗೆ ಮಾಡಿರಿ, ಮನೆಯವರು ಉಂಡು ಸೈ ಅಂದಮೇಲೆ ಊರಿಗೆ. ಅದರಂತೆ ಪ್ರತಿ ರವಿವಾರ ನಮ್ಮ ನಮ್ಮ ಮನೆಯ ಒಲೆ ನಮ್ಮದಾಯಿತು.

ಮೊದಲು ರೊಟ್ಟಿ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ, ಬಿಸಿ ಇರುವಾಗಲೇ ಅಂಗೈ ಬುಡದಿಂದ ನಾದಬೇಕು. ನಾದಿದ್ದು ಸಾಲದಿದ್ದರೆ ತಟ್ಟುವಾಗ ಅಂಚು ಸೀಳುತ್ತದೆ. ಹಂಚಿಗೆ ಹಾಕಿದ ಮೇಲೆ ಮೇಲ್ಭಾಗಕ್ಕೆ ಒದ್ದೆ ಅರಿವೆಯಿಂದ ನೀರು ಸವರಬೇಕು, ಆ ನೀರು ಆರುವಷ್ಟರಲ್ಲಿ ತಿರುವಬೇಕು. ಹೇಳಲು ಮೂರು ಮಾತು. ನಮ್ಮ ಮೊದಲ ರವಿವಾರದ ರೊಟ್ಟಿಗಳು ಕರ್ನಾಟಕದ ನಕ್ಷೆಯಂತೆ, ಗೋವೆಯ ನಕ್ಷೆಯಂತೆ ಬಂದವು, ದುಂಡಗೆ ಒಂದೂ ಬರಲಿಲ್ಲ. ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಭಾರ ಹೊತ್ತ ನಮ್ಮ ಅಣ್ಣನೊಬ್ಬ ಹತ್ತು ರೊಟ್ಟಿ ತಟ್ಟುವಷ್ಟರಲ್ಲಿ ರಟ್ಟೆ ನೋಯುತ್ತದೆ ಎಂದು ಕೂತುಬಿಟ್ಟ. ಅವನ ಹೆಂಡತಿ ದಿನಕ್ಕೆ ಇಪ್ಪತ್ತು ತಟ್ಟುತ್ತಾಳೆ. ಆಕೆ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಅವನಿಗೆ ಹೆಚ್ಚು ನಾಟಿತು.

ಎರಡನೆಯ ರವಿವಾರ ಎಣ್ಣೆಗಾಯಿ. ಸಣ್ಣ ಬದನೆಕಾಯಿಯನ್ನು ತೊಟ್ಟು ಬಿಡಿಸದೆ ನಾಲ್ಕು ಸೀಳು ಮಾಡಿ ಉಪ್ಪು ನೀರಿನಲ್ಲಿ ಬಿಡಬೇಕು. ಹುರಿದ ಶೇಂಗಾ, ಗುರೆಳ್ಳು, ಒಣ ಕೊಬ್ಬರಿ, ಖಾರಪುಡಿ, ಹುಣಸೆ, ಬೆಲ್ಲ ಕೂಡಿಸಿ ತುಂಬಬೇಕು. ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಬೇಕು. ಗುರೆಳ್ಳು ಒಂದು ಕ್ಷಣ ಹೆಚ್ಚು ಹುರಿದರೂ ಕಹಿ. ನಾವು ಸೀದುಹಾಕಿದೆವು. ಮಕ್ಕಳು ಮುಖ ಕಿವುಚಿದರು. ಮುಂದಿನ ವಾರ ಸರಿ ಮಾಡಿದೆವು. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುತ್ತಿದ್ದ ಅವ್ವನಿಗೆ ಮೊದಲ ತಟ್ಟೆ ಕೊಟ್ಟೆವು. ಆಕೆ ಬಹಳ ಹೊತ್ತು ತಟ್ಟೆ ನೋಡುತ್ತ ಕೂತಳು. "ಬಿಸೀದು ಉಂಡು ಎಷ್ಟ ವರ್ಷ ಆತೋ" ಎಂದಳು. ಗಂಡ ಮಕ್ಕಳೆಲ್ಲ ಎದ್ದ ಮೇಲೆ ತಣ್ಣಗಾದದ್ದನ್ನೇ ಉಂಡು ಆಕೆಯ ಆಯುಷ್ಯ ಕಳೆದಿತ್ತು. ನಮ್ಮ ಮನೆಯೊಳಗೇ ಇದ್ದ ಈ ಪಂಕ್ತಿಭೇದ ನಮಗೆ ಕಾಣಲೇ ಇಲ್ಲವಲ್ಲ!

ಆಮೇಲೆ ನೆರೆಹೊರೆಯವರೂ ಸೇರಿದರು. ದಾಂಡೇಲಿ ಸೀಮೆ ಹಾಗೇ ಇದೆ. 1950ರ ದಶಕದಲ್ಲಿ ಕಾಗದದ ಮಿಲ್ಲು ಬಂದ ಮೇಲೆ ತೆಲುಗರು, ತಮಿಳರು, ಮಲಯಾಳಿಗಳು, ಮರಾಠಿಗರು ಬಂದು ನೆಲೆಸಿದರು. ಈ ಕಾಡಿನ ಬಿದಿರು ಕಾಗದವಾಯಿತು, ಹತ್ತು ಭಾಷೆಯ ಜನ ಒಂದು ಊರಾದರು. ಪಕ್ಕದ ಮನೆಯ ಮಲಯಾಳಿ ಅಕ್ಕ ಹಲಸಿನ ಬೀಜ, ಕಡಲೆ ಕೂಡಿಸಿದ ಪಲ್ಯ ಕಲಿಸಿದರು. ಕಲಿತ ಮೇಲೆ ಓದಿನಿಂದ ಒಂದು ಸಂಗತಿ ನೆನಪಾಯಿತು. 1917ರ ಮೇ 29ರಂದು ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಅವರು ಮಿಶ್ರಭೋಜನ ನಡೆಸಿದಾಗ ಪುಲಯ ಹುಡುಗನ ಜೊತೆ ಕೂತು ಈಳವರು ಉಂಡದ್ದು ಇಂಥದೇ ಕಡಲೆ, ಹಲಸಿನ ಬೀಜದ ಪಲ್ಯ. ಅದಕ್ಕಾಗಿ ಅವರ ಜಾತಿಯವರೇ ಅವರನ್ನು ಹೊರಗಿಟ್ಟರು, 'ಪುಲಯನ್ ಅಯ್ಯಪ್ಪನ್' ಎಂದು ಹಂಗಿಸಿದರು. ಅವರು ಆ ಹೆಸರನ್ನು ಹೆಮ್ಮೆಯಿಂದಲೇ ಇಟ್ಟುಕೊಂಡರು. ಸಸ್ಯಾಹಾರದಿಂದಲೂ ಜಾತಿ ಒಡೆಯಬಹುದು ಎಂದು ಅವರು ತೋರಿಸಿದರು. ಆದರೆ ಒಡೆದದ್ದು ಕಡಲೆಯಲ್ಲ, ಜೊತೆಗೆ ಕೂತದ್ದು.

ಇಲ್ಲಿ ಸಂಗಾತಿಗಳು ಎರಡು ಆಕ್ಷೇಪ ಎತ್ತಿದರು. ಎರಡಕ್ಕೂ ಉತ್ತರ ಕೊಡಬೇಕು.

ಒಂದು: "ಎಣ್ಣೆಗಾಯಿ, ಹುಗ್ಗಿ ಅಂತ ಕಲಿತು ನೀವೂ ಬ್ರಾಹ್ಮಣರಾಗಾಕ ಹೊಂಟೀರೇನು?" ಇಲ್ಲ. ಮಾಂಸ ಬಿಟ್ಟರೆ ಮೇಲೇರಬಹುದು ಎಂದು ನಂಬಿ ಮಾಂಸ ಬಿಟ್ಟವರು ನಮ್ಮಲ್ಲೂ ಇದ್ದಾರೆ. ಅವರು ಏರಿದ ಮೆಟ್ಟಿಲು ಎಲ್ಲಿಗೆ ಮುಟ್ಟಿತು? ಮಾಂಸ ಬಿಟ್ಟ ಮೇಲೂ ಬಾಡಿಗೆ ಮನೆ ಕೇಳಲು ಹೋದರೆ ಜಾತಿ ಕೇಳುತ್ತಾರೆ. ನಾವು ಕಾಯಿಪಲ್ಯೆ ಬೇಯಿಸುವುದು ಪುಣ್ಯಕ್ಕಲ್ಲ, ಮಡಿಗಲ್ಲ. ರುಚಿಗೆ, ಹೊಟ್ಟೆಗೆ, ಮನೆಯವರ ಸಂತೋಷಕ್ಕೆ. ರವಿವಾರ ಎಣ್ಣೆಗಾಯಿ ಮಾಡಿದ ಕೈಯೇ ಬುಧವಾರ ಕೋಳಿ ಸಾರು ಮಾಡುತ್ತದೆ. ಪಾತ್ರೆ ಅದೇ, ಒಲೆಯೂ ಅದೇ.

ಎರಡು: "ಜಯಂತಿಗೆ ಮಾಂಸದೂಟ ಯಾಕ ಮಾಡಬಾರದು? ಎಲ್ಲಾರೂ ಉಣ್ಣಲಿ ಅಂತ ಕಾಯಿಪಲ್ಯೆ ಮಾಡೋದೂ ಅವರಿಗೆ ಬಗ್ಗಿದ ಹಾಂಗ ಅಲ್ಲೇನು?" ಈ ಪ್ರಶ್ನೆಯಲ್ಲಿ ಸತ್ಯವಿದೆ. ನಮ್ಮ ಏಳು ಮಂದಿಯಲ್ಲಿ ಮೂವರ ಅಭಿಪ್ರಾಯ ಇದೇ. ಚರ್ಚೆ ಮುಗಿದಿಲ್ಲ, ಮುಂದಿನ ವರ್ಷ ಬೇರೆ ತೀರ್ಮಾನ ಬರಬಹುದು. ಆದರೆ ಈ ವರ್ಷಕ್ಕೆ ನಮಗೆ ಮುಖ್ಯವಾಗಿ ಕಂಡದ್ದು ಪಾತ್ರೆಯೊಳಗೆ ಏನಿದೆ ಎಂಬುದಲ್ಲ, ಬೇಯಿಸಿದವರು ಯಾರು ಎಂಬುದು. ನಮ್ಮ ಕೈಯ ಕಾಯಿಪಲ್ಯೆಯನ್ನೂ ಮುಟ್ಟದವನಿಗೆ "ಮಾಂಸ ಇತ್ತು, ಅದಕ್ಕ ಉಣ್ಣಲಿಲ್ಲ" ಎಂಬ ನೆಪವನ್ನು ಈ ಸಲ ನಾವು ಕೊಡಬಾರದೆಂದಿದ್ದೆವು.

ಏಪ್ರಿಲ್ 14 ಬಂತು. ಲೆಕ್ಕ ಹಾಕಿಕೊಟ್ಟವಳು ಚಿಗವ್ವ. ಶಾಲೆಯಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂಬ ಯೋಜನೆಯ ಲೆಕ್ಕ ಆಕೆಗೆ ಬಾಯಿಪಾಠ. ದೊಡ್ಡವರಿಗೆ ಅದನ್ನು ಏರಿಸಿ, ಇನ್ನೂರು ಮಂದಿಗೆ 24 ಕಿಲೋ ಅಕ್ಕಿ, 8 ಕಿಲೋ ತೊಗರಿಬೇಳೆ, 20 ಕಿಲೋ ಬದನೆಕಾಯಿ ಎಂದಳು. ಒಂದು ತುತ್ತು ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಆಕೆಗೆ ಓದು ಮೂರನೇ ಇಯತ್ತೆ. ಖಡಕ್ ರೊಟ್ಟಿಯನ್ನು ಎರಡು ದಿನ ಮೊದಲೇ ಮನೆಮನೆಯ ಗಂಡಸರು ತಟ್ಟಿ ಇಟ್ಟೆವು. ರಾತ್ರಿ ನೆನೆಹಾಕಿದ ಕುಟ್ಟಿದ ಗೋಧಿಗೆ ಬೆಳಗಿನ ಜಾವ ಬೆಲ್ಲ, ಕೊಬ್ಬರಿ, ಯಾಲಕ್ಕಿ ಹಾಕಿ ಹುಗ್ಗಿ ಮಾಡಿದೆವು. ತಳ ಹಿಡಿಯದಂತೆ ಪಾಳಿಯ ಮೇಲೆ ತಿರುವಿದೆವು. ಚಿಗವ್ವ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತು ಭಾಷಣ ಕೇಳಿದಳು. ನಡುವೆ ಎರಡು ಸಲ ಎದ್ದು ಬಂದು ಉಪ್ಪು ನೋಡಿಹೋದಳು ಎಂಬುದೂ ನಿಜ.

ಎಲ್ಲರೂ ಉಂಡರೇ? ಸುಳ್ಳು ಬರೆಯುವುದಿಲ್ಲ. ಪ್ರತಿ ವರ್ಷ ಬಂದು ಉಣ್ಣುತ್ತಿದ್ದ ಹೊರಗಿನ ಮುಖಂಡರಲ್ಲಿ ಕೆಲವರು ಈ ಸಲ "ಪಿತ್ತ ಆಗೇತಿ" ಎಂದರು, ಕೆಲವರು "ಇನ್ನೊಂದು ಕಾರ್ಯಕ್ರಮ ಐತಿ" ಎಂದರು. ಒಬ್ಬರು ಬಾಳೆಹಣ್ಣು ಮಾತ್ರ ತೆಗೆದುಕೊಂಡರು. ಸಿಪ್ಪೆ ಇತ್ತಲ್ಲ, ನಮ್ಮ ಕೈ ಒಳಗೆ ಮುಟ್ಟಿರಲಿಲ್ಲ! ವರ್ಷಗಟ್ಟಲೆ ಇವರನ್ನು ನಮ್ಮವರೆಂದು ತಿಳಿದಿದ್ದೆವು. ಹೊರಗಿನ ಅಡುಗೆಯವರನ್ನು ಕರೆಸುವ ನಮ್ಮ ಪದ್ಧತಿಯೇ ಇವರ ಬಣ್ಣವನ್ನು ಇಷ್ಟು ದಿನ ಮುಚ್ಚಿಟ್ಟಿತ್ತು. ಇನ್ನು ಕೆಲವರು, ನಾವು ನಿರೀಕ್ಷೆಯೇ ಮಾಡದವರು, ಕೆಳಗೆ ಕೂತು ಎರಡೆರಡು ಸಲ ಬಡಿಸಿಕೊಂಡರು. ಯಾರು ಯಾರೆಂದು ಒಂದೇ ಊಟದಲ್ಲಿ ತಿಳಿಯಿತು. ನೂರು ಭಾಷಣದಲ್ಲಿ ತಿಳಿದಿರಲಿಲ್ಲ.

ಹುಗ್ಗಿಯ ಮೇಲೆ ಒಂದೊಂದು ಚಮಚ ತುಪ್ಪ ಹಾಕಿದೆವು. ಯಾಕೆ ತುಪ್ಪ ಎಂದು ಮಕ್ಕಳು ಕೇಳಿದವು. ಚಕವಾರಾದ ಕಥೆ ಹೇಳಿದೆವು. ಒಂದು ಹುಡುಗಿ ಕೇಳಿದಳು: "ಅವತ್ತು ಉಣ್ಣೋದು ಬಿಟ್ಟು ಓಡಿದವರು ಆಮ್ಯಾಲೆ ಉಂಡರೇನು?" ನಮಗೆ ಗೊತ್ತಿಲ್ಲ ಮಗಳೇ, ನೀನು ಉಣ್ಣು ಎಂದೆವು.

ಆದ್ದರಿಂದ ಬಂಧುಗಳೆ, ನಾವು ಕೇಳುವುದು ಇಷ್ಟೆ. ನಿಮ್ಮೂರಿನ ಜಯಂತಿಗೆ, ಮದುವೆಗೆ, ಸಭೆಗೆ ಹೊರಗಿನ ಅಡುಗೆಯವರನ್ನು ಕರೆಸುವ ಮುಂಚೆ ಯಾಕೆ ಕರೆಸುತ್ತಿದ್ದೇವೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ವಾರಕ್ಕೊಂದು ದಿನವಾದರೂ ಗಂಡಸರು ಒಲೆಯ ಮುಂದೆ ಕೂಡಿರಿ. ಮನೆಯವರಿಗೆ ಬಡಿಸಿರಿ, ಕೊನೆಗೆ ನೀವು ಉಣ್ಣಿರಿ. ಅವ್ವಂದಿರಿಗೆ, ಅಜ್ಜಿಯರಿಗೆ ಗೊತ್ತಿರುವ ಸೊಪ್ಪು, ಗೆಡ್ಡೆ, ಕಾಳಿನ ಅಡುಗೆಗಳನ್ನು ಅವರು ಇರುವಾಗಲೇ ಕೇಳಿ ಕಲಿತು ಬರೆದಿಡಿರಿ. ಶಾಲೆಯಲ್ಲಿ ಬಿಸಿಯೂಟ ಮಾಡುವ ನಮ್ಮ ಹೆಣ್ಣುಮಕ್ಕಳ ಮೇಲೆ ಯಾವ ಊರಿನಲ್ಲೇ ಅವಮಾನವಾಗಲಿ, ಅದನ್ನು ಅಡುಗೆಮನೆಯ ಜಗಳ ಎಂದು ಬಿಡಬೇಡಿರಿ. ಅದು ನಮ್ಮ ಹೋರಾಟದ ಮುಂಚೂಣಿ.

ನೀರಿಗಾಗಿ ಮಹಾಡದ ಕೆರೆಗೆ 1927ರಲ್ಲಿ ನಡೆದವರ ಮಕ್ಕಳು ನಾವು. ಆ ನೀರಿನಲ್ಲಿ ನಮ್ಮ ಅನ್ನವನ್ನು ನಾವೇ ಬೇಯಿಸಿಕೊಳ್ಳಲು ನಾಚುವುದೇಕೆ? ಮುಂದಿನ ರವಿವಾರ ಅಂಬೇವಾಡಿ ಕಡೆ ಬಂದವರು ನಮ್ಮ ಮನೆಗೆ ಬನ್ನಿರಿ. ರೊಟ್ಟಿ ಇನ್ನೂ ಪೂರಾ ದುಂಡಗಾಗಿಲ್ಲ. ಆದರೆ ಬಿಸಿ ಇರುತ್ತದೆ.

ಜೈ ಭೀಮ್.